ವಾರಿಯರ್ಸ್ ಕಾರ್ಡ್ ಕೂಡಿಸುತ್ತಿದ್ದೇವೆ: ಕ್ಲೇಯ ಡಲ್ಲಾಸ್ ಕಾರ್ಡ್ ಅದೇ ಬೈಂಡರ್‌ನಲ್ಲಿ ಇರಬಹುದಾ?

ಫ್ರೀಮಾಂಟ್ ಅಪ್ಪ

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಊರು ಹಾಸನದ ಹತ್ತಿರ. ಮಗಳಿಗೆ 12 ವರ್ಷ. 2022ರ ಫೈನಲ್ಸ್ ಪೂರ್ತಿ ನನ್ನ ಪಕ್ಕ ಕೂತು ನೋಡಿದಳು, ಅವತ್ತಿನಿಂದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬಾಸ್ಕೆಟ್‌ಬಾಲ್ ತಂಡ ಅಂದರೆ ಪ್ರಾಣ. ಈಗ ಹೋದ ಬೇಸಿಗೆಯಿಂದ ಆಟಗಾರರ ಚಿತ್ರದ ಕಾರ್ಡ್ ಕೂಡಿಸಲು ಶುರು ಮಾಡಿದ್ದಾಳೆ, ನನಗೂ ಅದು ಹತ್ತಿಬಿಟ್ಟಿದೆ. ನಾನು ಹುಡುಗನಾಗಿದ್ದಾಗ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಚಡ್ಡಿ ಜೇಬಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ, ಅದು ಬಿಟ್ಟರೆ ಈ ವಿಷಯದಲ್ಲಿ ನನಗೆ ಏನೂ ಗೊತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು, ದುಡ್ಡು. ವಾರಕ್ಕೊಂದು ಕಾರ್ಡ್ ಡಬ್ಬ ತಂದು ಒಡೆಯುತ್ತಿದ್ದೇವೆ, ಒಳಗೆ ಯಾರ ಕಾರ್ಡ್ ಇದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಒಡೆಯುವ ಖುಷಿ ಬೇರೆ, ಅದು ನಿಜ. ಆದರೆ ಬರುವುದೆಲ್ಲ ಬೇರೆ ತಂಡದವರೇ. ಮೂಲೆಯಲ್ಲಿ ಶಾರ್ಲೆಟ್, ಯೂಟಾ, ಇಂಡಿಯಾನದವರ ರಾಶಿ ಬೆಳೆಯುತ್ತಿದೆ, ವಾರಿಯರ್ಸ್ ಬೈಂಡರ್ ಮಾತ್ರ ಇನ್ನೂ ನಾಲ್ಕು ಹಾಳೆ ದಾಟಿಲ್ಲ.

ಎರಡನೆಯದು, ಹಳೆಯ ಆಟಗಾರರ ಕಾರ್ಡ್ ಕೈಗೆಟಕುವ ಬೆಲೆಗೆ ಸಿಗುತ್ತವಾ, ಎಲ್ಲಿಂದ ಶುರು ಮಾಡಬೇಕು?

ಮೂರನೆಯದೇ ನಮ್ಮನೆಯಲ್ಲಿ ಜಗಳ ಎಬ್ಬಿಸಿರುವುದು. ಅವಳಿಗೆ ವಾರಿಯರ್ಸ್‌ನಲ್ಲಿ ಆಡುತ್ತಿದ್ದ ಕ್ಲೇ ಥಾಂಪ್ಸನ್ ಅಂದರೆ ಎಲ್ಲರಿಗಿಂತ ಜಾಸ್ತಿ. 2024ರಲ್ಲಿ ಅವನು ಡಲ್ಲಾಸ್ ತಂಡಕ್ಕೆ ಹೋದಾಗ ರಾತ್ರಿ ಊಟ ಬಿಟ್ಟು ಮಲಗಿದ್ದಳು. ಮೊನ್ನೆ ಒಂದು ಡಬ್ಬದಲ್ಲಿ ಅವನ ಡಲ್ಲಾಸ್ ಕಾರ್ಡ್ ಬಂತು, ನೀಲಿ ಜೆರ್ಸಿ, 11 ಇದ್ದ ಕಡೆ 31. ಅವಳು ಅದನ್ನು ವಾರಿಯರ್ಸ್‌ನ ಸ್ಟೆಫ್ ಕರ್ರಿ ಪಕ್ಕದ ಕಿಸೆಗೆ ಹಾಕಿದಳು. ಇದು ವಾರಿಯರ್ಸ್ ಬೈಂಡರ್ ಅಲ್ವಾ ಪುಟ್ಟಿ ಅಂದೆ. ಮೂರು ದಿನ ಮಾತಾಡಲಿಲ್ಲ. ತಂಡದ ಕಾರ್ಡ್ ಕೂಡಿಸುವವರು ಇದಕ್ಕೆ ಏನು ನಿಯಮ ಇಟ್ಟುಕೊಂಡಿರುತ್ತೀರಿ?

ಹಳೇ ಟಾಪ್ಸ್

ಸ್ವಾಗತ ಸರ್. ನಾನು ಸ್ಯಾನ್ ಹೋಸೆಯವನು, ಹದಿನೈದು ವರ್ಷದಿಂದ ಬರೀ ವಾರಿಯರ್ಸ್ ಕೂಡಿಸುತ್ತಿದ್ದೇನೆ.

ಡಬ್ಬದ ಲೆಕ್ಕ ನೇರವಾಗಿದೆ. ಇಲ್ಲಿನ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 30 ತಂಡ. 60 ಕಾರ್ಡಿನ ಡಬ್ಬ ಒಡೆದರೆ ನಿಮ್ಮ ಪಾಲಿಗೆ ಬರಬೇಕಾದದ್ದು ಎರಡೇ, ಮಿಕ್ಕ 58 ಕಾರ್ಡಿಗೆ ನೀವು ಸುಮ್ನೆ ದುಡ್ಡು ಕೊಟ್ಟ ಹಾಗೆ. ಒಂದೇ ತಂಡ ಕೂಡಿಸುವವರಿಗೆ ದಾರಿ ಸಿಂಗಲ್ಸ್ ಮಾತ್ರ, ಅಂದರೆ ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳುವುದು. ಒಂದು ಸೆಟ್‌ನ, ಅಂದರೆ ಕಂಪನಿ ಒಂದು ವರ್ಷಕ್ಕೆ ತರುವ ಒಂದು ಸರಣಿಯ, ಅಷ್ಟೂ ವಾರಿಯರ್ಸ್ ಬೇಸ್ (ಮಾಮೂಲಿ) ಕಾರ್ಡ್‌ಗಳನ್ನು ಒಟ್ಟಿಗೆ ಕಟ್ಟಿ ‘ಟೀಮ್ ಸೆಟ್’ ಅಂತ ಮಾರುವವರು ಈಬೇಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಸಾಮಾನ್ಯವಾಗಿ ಒಂದು ಡಬ್ಬಕ್ಕಿಂತ ಕಡಿಮೆಗೇ ಸಿಗುತ್ತದೆ. ತಿಂಗಳಿಗೊಂದು ಡಬ್ಬ ಮಗಳ ಖುಷಿಗೆ ಒಡೆಯಿರಿ, ಬೇಡ ಅನ್ನಲ್ಲ. ಆ ಶಾರ್ಲೆಟ್, ಯೂಟಾ ರಾಶಿಯನ್ನು ಎಸೆಯಬೇಡಿ. ಭಾನುವಾರದ ಕಾರ್ಡ್ ಶೋಗೆ ಹೊತ್ತುಕೊಂಡು ಹೋಗಿ, ಅಲ್ಲಿ ಆ ತಂಡದವರು ವಾರಿಯರ್ಸ್ ಕಾರ್ಡ್ ಕೊಟ್ಟು ಅದಲುಬದಲು ಮಾಡಿಕೊಳ್ಳುತ್ತಾರೆ. ಮಗಳೇ ಮಾತಾಡಿ ಬದಲಾಯಿಸಿಕೊಳ್ಳಲಿ, ಹುಡುಗರ ಹತ್ತಿರ ದೊಡ್ಡವರು ತುಂಬಾ ಪ್ರೀತಿಯಿಂದ ವ್ಯವಹಾರ ಮಾಡುತ್ತಾರೆ.

ಎಲ್ಲಿಂದ ಶುರು ಅಂದರೆ, ನನ್ನ ಪ್ರಕಾರ 2012-13ರ ಸೀಸನ್‌ನಿಂದ. ಕಾರಣ ಹೇಳುತ್ತೇನೆ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಕ್ಲೇ ಡ್ರಾಫ್ಟ್ (ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸಿಕೊಳ್ಳುವುದು) ಆದದ್ದು 2011ರಲ್ಲಿ, 11ನೆಯವನಾಗಿ. ಆ ವರ್ಷ ಲಾಕ್‌ಔಟ್ ಆಗಿ (ಆಟಗಾರರ ಜೊತೆ ಒಪ್ಪಂದ ಆಗದೆ ಮಾಲೀಕರು ಆಟವನ್ನೇ ನಿಲ್ಲಿಸಿದ್ದರು) ಹೊಸಬರ ರೂಕಿ ಕಾರ್ಡ್, ಅಂದರೆ ಅವರ ಮೊದಲ ವರ್ಷದ ಕಾರ್ಡ್, 2011-12ರ ಸೆಟ್‌ಗಳಲ್ಲಿ ಬರಲೇ ಇಲ್ಲ, ಮುಂದಿನ ವರ್ಷದ ಸೆಟ್‌ಗೆ ಹೋಯಿತು. 2012ರಲ್ಲಿ ವಾರಿಯರ್ಸ್ ಹ್ಯಾರಿಸನ್ ಬಾರ್ನ್ಸ್, ಫೆಸ್ಟಸ್ ಎಜಿಲಿ, ಡ್ರೇಮಂಡ್ ಗ್ರೀನ್ ಮೂವರನ್ನೂ ಆರಿಸಿಕೊಂಡಿತು, 7, 30, 35ನೆಯ ಸ್ಥಾನದಲ್ಲಿ. ಹಾಗಾಗಿ ಎರಡು ವರ್ಷದ ಹುಡುಗರು ಒಂದೇ ವರ್ಷದ ಸೆಟ್‌ಗಳಲ್ಲಿ ಒಟ್ಟಿಗೆ ರೂಕಿಗಳಾಗಿ ಬಂದುಬಿಟ್ಟರು. 2015ರ ಚಾಂಪಿಯನ್ ತಂಡದ ನಾಲ್ಕು ಜನ! ಪನಿನಿ ಕಂಪನಿಯ ಹೊಳೆಯುವ ಪ್ರಿಜಂ ಸೆಟ್ ಮೊದಲು ಬಂದದ್ದೂ ಅದೇ ವರ್ಷ. ಪ್ರಿಜಂ ದುಬಾರಿ ಅನಿಸಿದರೆ ಅದೇ ವರ್ಷದ ಅಗ್ಗದ ಹೂಪ್ಸ್ ಸೆಟ್ ನೋಡಿ. ನಾಲ್ವರನ್ನೂ ಒಂದೇ ಸಾಲಲ್ಲಿ ಇಟ್ಟು ನೋಡಿ ಸರ್, ಆಗ ಅವರಿಗೆ ಏನು ಕಾದಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ, ಎಲ್ಲರ ಮುಖವೂ ಎಷ್ಟು ಎಳೆಯದು.

ಸ್ಟೆಫ್ ರೂಕಿ 2009-10ರದು. ಅದರಲ್ಲಿ ಟಾಪ್ಸ್ ಕಂಪನಿಯ ಕ್ರೋಮ್ ಸೆಟ್‌ನದು 999 ಪ್ರತಿ ಮಾತ್ರ, ಅದು ನಮ್ಮಂಥವರ ಕೈಗೆ ಎಟುಕುವುದಲ್ಲ. ಆಮೇಲೆ ಎನ್‌ಬಿಎ ಕಾರ್ಡ್ ಅಚ್ಚು ಹಾಕುವ ಲೈಸೆನ್ಸ್ ಪೂರ್ತಿ ಪನಿನಿ ಕೈಗೆ ಹೋಯಿತು, ಟಾಪ್ಸ್ ವಾಪಸ್ ಬಂದದ್ದು 2025-26ಕ್ಕೆ. ಸ್ಟೆಫ್ ರೂಕಿಯ ಆಸೆ ಈಗಲೇ ಇಟ್ಟುಕೊಳ್ಳಬೇಡಿ. ಅವನ ಎರಡನೇ, ಮೂರನೇ ವರ್ಷದ ಕಾರ್ಡ್ ಚೆನ್ನಾಗಿರುತ್ತವೆ, ರೂಕಿ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಕುಡ್ಲದ ಮಳೆ

ಎರಡು ಮಾತು ಸೇರಿಸುತ್ತೇನೆ. ಒಂಬತ್ತು ವರ್ಷ ಓಕ್ಲೆಂಡ್‌ನಲ್ಲಿದ್ದು ಈಗ ಮಂಗಳೂರಿಗೆ ವಾಪಸ್ ಬಂದಿದ್ದೇನೆ, ಕಾರ್ಡ್‌ಗಳೂ ಬಂದಿವೆ. ಇಟ್ಟುಕೊಳ್ಳುವ ವಿಷಯವನ್ನು ಯಾರೂ ಮೊದಲು ಹೇಳಿಕೊಡುವುದಿಲ್ಲ. ನಾನು ಅದನ್ನು ಕಳೆದುಕೊಂಡೇ ಕಲಿತದ್ದು.

ಮೊದಲ ಮಳೆಗಾಲದಲ್ಲಿ ಬೈಂಡರನ್ನು ಹಾಗೇ ಮರದ ಕಪಾಟಿನಲ್ಲಿ ಇಟ್ಟಿದ್ದೆ. ಆಗಸ್ಟ್‌ನಲ್ಲಿ ತೆಗೆದು ನೋಡಿದರೆ ಪ್ರಿಜಂ ಕಾರ್ಡ್‌ಗಳು ಹಪ್ಪಳದ ಹಾಗೆ ಡೊಂಕಾಗಿದ್ದವು. ಹೊಳೆಯುವ ಕಾರ್ಡಿಗೆ ಒಂದು ಪದರ ಕಾಗದ, ಇನ್ನೊಂದು ಪದರ ಫಾಯಿಲ್ ಥರದ್ದು. ಕಾಗದ ನೀರಿನ ಪಸೆ ಕುಡಿದು ಹಿಗ್ಗುತ್ತದೆ, ಹೊಳೆಯುವ ಪದರ ಹಿಗ್ಗುವುದಿಲ್ಲ, ಅದಕ್ಕೇ ಬಾಗುತ್ತದೆ. ಈಗ ಗಾಳಿ ಹೋಗದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ, ಅಮ್ಮ ಸಂಡಿಗೆ ಇಡುತ್ತಿದ್ದ ಡಬ್ಬವೇ ಅದು. ಫ್ರೀಮಾಂಟ್‌ನಲ್ಲಿ ಇಷ್ಟು ತೊಂದರೆ ಇಲ್ಲ, ಆದರೂ ಗ್ಯಾರೇಜಿನಲ್ಲಿ ಮಾತ್ರ ಇಡಬೇಡಿ.

ಬೈಂಡರ್ ಯಾವುದು ಅಂತ ನೋಡಿಕೊಳ್ಳಿ. ಉಂಗುರ ಪೂರ್ತಿ ದುಂಡಗಿದ್ದರೆ ಮುಚ್ಚಿದಾಗ ಒಳಗಿನ ಸಾಲಿನ ಕಾರ್ಡ್ ಮೇಲೆ ಕೂತು ಗುಳಿ ಬೀಳುತ್ತದೆ. ನನ್ನ ಆಂಡ್ರೆ ಇಗ್ವಾಡಾಲ ಕಾರ್ಡಿನ ಎಡ ಅಂಚಲ್ಲಿ ಉಗುರಿನಷ್ಟು ಅಗಲದ ಅರ್ಧಚಂದ್ರ ಇದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಎದ್ದು ಕಾಣುತ್ತದೆ. ಒಂದು ಕಡೆ ಚಪ್ಪಟೆ ಇರುವ ಉಂಗುರದ್ದು ಅಥವಾ ಉಂಗುರವೇ ಇಲ್ಲದ್ದು ತಗೊಳ್ಳಿ. ಹಾಳೆ ಪಿವಿಸಿ ಇಲ್ಲದ್ದಾಗಿರಲಿ, ಪಿವಿಸಿ ವರ್ಷ ಕಳೆದಂತೆ ಕಾರ್ಡಿಗೆ ಅಂಟಿಕೊಳ್ಳುತ್ತದೆ. ಒಳ್ಳೆಯ ಕಾರ್ಡಿಗೆ ಮೊದಲು ತೆಳು ಪ್ಲಾಸ್ಟಿಕ್ ಸ್ಲೀವ್, ಅದರ ಮೇಲೆ ಟಾಪ್ ಲೋಡರ್ ಅನ್ನುವ ಗಟ್ಟಿ ಕವಚ. ಸ್ಲೀವ್ ಇಲ್ಲದೆ ನೇರ ಟಾಪ್ ಲೋಡರ್‌ಗೆ ಹಾಕಿದರೆ ಗಟ್ಟಿ ಪ್ಲಾಸ್ಟಿಕ್ ಗೀರುತ್ತದೆ. ಮಗಳಿಗೆ ಕಾರ್ಡನ್ನು ಅಂಚಲ್ಲಿ ಹಿಡಿಯುವುದು ಕಲಿಸಿ, ಅಷ್ಟೇ ಸಾಕು.

ಕಾಲಿಸಿಯಂ 1990

ನಾನು 1989ರಲ್ಲಿ ಸನ್ನಿವೇಲ್‌ಗೆ ಕೆಲಸಕ್ಕೆ ಬಂದವನು. ಬಾಸ್ಕೆಟ್‌ಬಾಲ್ ಮೈಸೂರಲ್ಲಿ ಕಾಲೇಜಿನಲ್ಲಿ ಆಡಿದ್ದೆ, ಇಲ್ಲಿ ಬಂದ ಮೇಲೆ ಓಕ್ಲೆಂಡ್ ಕಾಲಿಸಿಯಂನಲ್ಲಿ ನೋಡಿದ ಮೊದಲ ಆಟದಿಂದ ಈ ತಂಡ ನನ್ನದು. ಆಗ ರನ್ ಟಿಎಂಸಿ ಕಾಲ, ಮೂವರು ಆಟಗಾರರ ಹೆಸರಿನ ಮೊದಲ ಅಕ್ಷರ ಸೇರಿಸಿದ ಅಡ್ಡಹೆಸರು ಅದು. ಟಿಮ್ ಹಾರ್ಡವೇ, ಮಿಚ್ ರಿಚ್ಮಂಡ್, ಕ್ರಿಸ್ ಮಲಿನ್. ಇಡೀ ಎರಡು ಸೀಸನ್ ಅಷ್ಟೇ ಆ ಮೂವರೂ ಒಟ್ಟಿಗೆ ಆಡಿದ್ದು.

ಫ್ರೀಮಾಂಟ್ ಅಪ್ಪನವರೇ, ಹಳೆಯ ಕಾರ್ಡ್ ಎಲ್ಲಿಂದ ಅಂದರೆ ಇಲ್ಲಿಂದ ಶುರು ಮಾಡಿ. ಆ ಕಾಲದಲ್ಲಿ ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು, ಹಾಗಾಗಿ ಬೆಲೆ ಏರಲೇ ಇಲ್ಲ. ಮಾರುವವರಿಗೆ ಅದು ಬೇಸರ, ನಮಗೆ ಭಾಗ್ಯ. ರಿಚ್ಮಂಡ್ ರೂಕಿ 1989-90ರ ಹೂಪ್ಸ್‌ನಲ್ಲಿದೆ, ಹಾರ್ಡವೇ ರೂಕಿ 1990-91ರ ಹೂಪ್ಸ್, ಫ್ಲೀರ್, ಸ್ಕೈಬಾಕ್ಸ್ ಮೂರು ಸೆಟ್‌ಗಳಲ್ಲೂ ಇದೆ. ಗ್ರೇಡ್ ಮಾಡಿಸದ, ಅಂದರೆ ಪರೀಕ್ಷೆಗೆ ಕಳಿಸಿ ಗುಣಮಟ್ಟದ ನಂಬರ್ ಹಾಕಿಸದ, ಪ್ರತಿ ಒಂದು ಕಾಫಿ ದುಡ್ಡಿಗೆ ಸಿಗುತ್ತದೆ. ಮಲಿನ್‌ನದು ಮಾತ್ರ ಸ್ವಲ್ಪ ಜಾಸ್ತಿ, ಯಾಕೆಂದರೆ ಅವನ ರೂಕಿ ಇರುವುದು 1986-87ರ ಫ್ಲೀರ್‌ನಲ್ಲಿ, ಜೋರ್ಡಾನ್‌ನ ಪ್ರಸಿದ್ಧ ಕಾರ್ಡ್ ಇರುವ 132 ಕಾರ್ಡಿನ ಅದೇ ಸೆಟ್, ಮಲಿನ್ 77ನೇ ನಂಬರ್. ಕೆಂಪು, ಬಿಳಿ, ನೀಲಿ ಅಂಚು. ನನ್ನ ಹತ್ತಿರ ಇರುವುದರಲ್ಲಿ ಚಿತ್ರ ಒಂದು ಕಡೆ ಸರಿದು ಎಡದ ಅಂಚು ದಪ್ಪ, ಬಲದ್ದು ದಾರದಷ್ಟು. ಗ್ರೇಡಿಂಗ್‌ಗೆ ಕಳಿಸಿದರೆ ಒಳ್ಳೆ ನಂಬರ್ ಬರುವುದಿಲ್ಲ, ನನಗೆ ಬೇಕಾಗಿಯೂ ಇಲ್ಲ. 1985ರಲ್ಲಿ ಮಲಿನ್‌ನನ್ನು ಆರಿಸಿದ್ದು 7ನೇ ಸ್ಥಾನದಲ್ಲಿ, 2009ರಲ್ಲಿ ಸ್ಟೆಫ್‌ನನ್ನೂ 7ರಲ್ಲೇ. ಹಾಗಾಗಿ ಇಬ್ಬರನ್ನೂ ಎದುರು ಬದುರು ಹಾಳೆಯಲ್ಲಿ ಇಟ್ಟಿದ್ದೇನೆ.

ಇನ್ನೂ ಹಿಂದಕ್ಕೆ ಹೋಗುವ ಮನಸ್ಸಾದರೆ 1975ರ ಚಾಂಪಿಯನ್‌ಗಳು. ರಿಕ್ ಬ್ಯಾರಿ, ಕೀತ್ ವಿಲ್ಕ್ಸ್. ವಿಲ್ಕ್ಸ್ ರೂಕಿ 1975-76ರ ಟಾಪ್ಸ್‌ನಲ್ಲಿದೆ, ಮುಂದೆ ಜಮಾಲ್ ವಿಲ್ಕ್ಸ್ ಅಂತ ಹೆಸರಾದವನು ಇವನೇ. ರಾಬರ್ಟ್ ಪ್ಯಾರಿಶ್ ಅಂದರೆ ಎಲ್ಲರೂ ಬಾಸ್ಟನ್ ಅನ್ನುತ್ತಾರೆ, ಆದರೆ ಅಲ್ಲಿಗೆ ಹೋಗುವ ಮೊದಲು ಅವನು ನಮ್ಮಲ್ಲಿದ್ದ, ಅವನ 1977-78ರ ಟಾಪ್ಸ್ ರೂಕಿ ಕಾರ್ಡ್ ನಮ್ಮ ತಂಡದ್ದು. ಇದನ್ನು ಮಗಳಿಗೆ ಹೇಳಿ, ನಿಮ್ಮ ಮೂರನೇ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ.

ಈಗ ಕ್ಲೇ ವಿಷಯ. 1991ರ ನವೆಂಬರ್‌ನಲ್ಲಿ ರಿಚ್ಮಂಡ್‌ನನ್ನು ಸ್ಯಾಕ್ರಮೆಂಟೊಗೆ ಕೊಟ್ಟುಬಿಟ್ಟರು, ಬದಲಿಗೆ ಬಿಲಿ ಓವೆನ್ಸ್ ಬಂದ. ನಾನು ಅವತ್ತು ಆಫೀಸಿನಲ್ಲಿ ಕೆಲಸ ಮಾಡಲಾಗದೆ ಕಾರಲ್ಲಿ ಹೋಗಿ ಕೂತಿದ್ದೆ. ಅವನ ಸ್ಯಾಕ್ರಮೆಂಟೊ ಕಾರ್ಡ್‌ಗಳನ್ನು ಎಷ್ಟೋ ವರ್ಷ ಕೈಯಲ್ಲೂ ಮುಟ್ಟಲಿಲ್ಲ. ಆಮೇಲೆ ಒಂದು ದಿನ ನೋಡಿದರೆ ಅವನು ಅಲ್ಲೂ ಅದೇ ಥರ ಚೆಂಡು ಎತ್ತುತ್ತಿದ್ದ, ಅದೇ ಮುಖ. ಒಂದೊಂದಾಗಿ ಕೂಡಿಸಿದೆ. ಈಗ ಅವು ನನ್ನ ಬೈಂಡರ್‌ನ ಹಿಂದಿನ ಹಾಳೆಗಳಲ್ಲಿವೆ. ನಿಮ್ಮ ಮಗಳು ಸರಿ.

ಹಳೇ ಟಾಪ್ಸ್

ಸರ್, ನಿಮ್ಮ ಮೇಲೆ ಗೌರವ ಇದೆ, ಆದರೂ ಇದನ್ನು ನಾನು ಒಪ್ಪುವುದಿಲ್ಲ. ತಂಡ ಕೂಡಿಸುವುದು ಅಂದಮೇಲೆ ಕಾರ್ಡ್ ಮೇಲೆ ಯಾವ ತಂಡದ ಹೆಸರಿದೆಯೋ ಅದೇ ಲೆಕ್ಕ. ಕ್ಲೇ ಒಳಗೆ ಬಂದರೆ ನಾಳೆ ನಮ್ಮಲ್ಲಿ ಆಡಿ ಹೋದ ಡ್ಯುರಾಂಟ್‌ನ ಬ್ರೂಕ್ಲಿನ್, ಫೀನಿಕ್ಸ್, ಓಕ್ಲಹೋಮ ಎಲ್ಲ ಬರಬೇಕಾಗುತ್ತದೆ, ಆಮೇಲೆ ಬೇಲಿ ಎಲ್ಲಿ? ಬೇಲಿ ಇಲ್ಲದಿದ್ದರೆ ಈ ಹವ್ಯಾಸ ದುಡ್ಡನ್ನೂ ಮನಸ್ಸನ್ನೂ ತಿಂದುಬಿಡುತ್ತದೆ, ಹಾಗೆ ಆದವರನ್ನು ನೋಡಿದ್ದೇನೆ. ನನ್ನದು ಇನ್ನೂ ಗಟ್ಟಿ ನಿಯಮ: ತಂಡದ ಹೆಸರು ವಾರಿಯರ್ಸ್ ಅಂತಿದ್ದು ಫೋಟೋದಲ್ಲಿ ಬೇರೆ ಜೆರ್ಸಿ ಇದ್ದರೂ ಸೇರಿಸುತ್ತೇನೆ, ಹೆಸರು ಬೇರೆ ಇದ್ದರೆ ಇಲ್ಲ. ಕ್ಲೇಗೆ ಬೇರೆಯದೇ ಒಂದು ಬೈಂಡರ್ ಮಾಡಿಕೊಡಿ, ಅವನು ಅದಕ್ಕೆ ಯೋಗ್ಯ. 2015ರ ಜನವರಿಯಲ್ಲಿ ಸ್ಯಾಕ್ರಮೆಂಟೊ ಮೇಲೆ ಒಂದೇ ಕ್ವಾರ್ಟರ್‌ನಲ್ಲಿ 37 ಪಾಯಿಂಟ್ ಹೊಡೆದವನು. ಎರಡೂವರೆ ವರ್ಷ ಕಾಲಿನ ಗಾಯದಿಂದ ಕೂತು 2022ರ ಜನವರಿಯಲ್ಲಿ ವಾಪಸ್ ಬಂದು ಅದೇ ವರ್ಷ ಕಪ್ ಎತ್ತಿದವನು.

ಇನ್ನೊಂದು, ಹಳೆಯ ಕಾರ್ಡ್ ಕೊಳ್ಳುವಾಗ ನಕಲಿ ನೋಡಿಕೊಳ್ಳಿ. ಹಿಂದೆ ಒಬ್ಬ ಆನ್‌ಲೈನ್ ಮಾರಾಟಗಾರನಿಂದ ನಾನು 1986ರ ಫ್ಲೀರ್ ಅಂತ ತಗೊಂಡದ್ದು ಬರೀ ಮರುಮುದ್ರಣ ಆಗಿತ್ತು. ಭೂತಗನ್ನಡಿಯಲ್ಲಿ ಕಪ್ಪು ಅಕ್ಷರ ನೋಡಿ. ಅಸಲಿಯಲ್ಲಿ ಶಾಯಿ ಗಟ್ಟಿಯಾಗಿ ಒಂದೇ ಸಮ ಇರುತ್ತದೆ, ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಅಕ್ಷರವೇ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಮಾರಾಟದ ಜಾಹೀರಾತಿನಲ್ಲಿ ಹೆಸರಿನ ಪಕ್ಕ ‘ಆರ್‌ಪಿ’ ಅಂತ ಇದ್ದರೆ ಅದು ರೀಪ್ರಿಂಟ್, ರೂಕಿ ಅಲ್ಲ. ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಕುಡ್ಲದ ಮಳೆ

ನಾನು ಕಾಲಿಸಿಯಂ ಅವರ ಕಡೆ. 2024ರ ನವೆಂಬರ್‌ನಲ್ಲಿ ಕ್ಲೇ ಡಲ್ಲಾಸ್ ಪರ ವಾರಿಯರ್ಸ್ ಅಂಗಳ ಚೇಸ್ ಸೆಂಟರ್‌ಗೆ ಬಂದಾಗ ಬಂದ ಜನರಿಗೆಲ್ಲ ಕ್ಯಾಪ್ಟನ್ ಟೋಪಿ ಹಂಚಿದ್ದರು, ನೆನಪಿದೆಯಾ? ಅವನು ದೋಣಿ ಓಡಿಸಿಕೊಂಡು ಆಟಕ್ಕೆ ಬರುತ್ತಿದ್ದವನಲ್ವಾ, ಅದಕ್ಕೆ. ನಾನು ಬೆಳಿಗ್ಗೆ ಎದ್ದು ಇಲ್ಲಿಂದಲೇ ನೋಡಿದೆ, ಕಣ್ಣು ತುಂಬಿ ಬಂತು. ತಂಡವೇ ಅವನನ್ನು ಬಿಟ್ಟುಕೊಟ್ಟಿಲ್ಲ, ಬೈಂಡರ್ ಯಾಕೆ ಬಿಡಬೇಕು?

ಫ್ರೀಮಾಂಟ್ ಅಪ್ಪ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಮಗಳಿಗೆ ಕನ್ನಡದಲ್ಲೇ ಓದಿ ಹೇಳಿದೆ. ಪ್ಯಾರಿಶ್ ಕಥೆಗೆ ಎದ್ದು ಕೂತಳು. ಹಾಗಾದ್ರೆ ಬಾಸ್ಟನ್‌ನವರ ಬೈಂಡರ್‌ನಲ್ಲಿ ನಮ್ಮ ಕಾರ್ಡ್ ಇರುತ್ತಾ ಅಂತ ಕೇಳಿದಳು. ಇರಬಹುದು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಡಲ್ಲಾಸ್ ಕಾರ್ಡನ್ನು ಸ್ಟೆಫ್ ಪಕ್ಕದಿಂದ ಅವಳೇ ತೆಗೆದು ಬೈಂಡರ್‌ನ ಕೊನೆಯ ಹಾಳೆಯ ನಡುವಿನ ಕಿಸೆಗೆ ಹಾಕಿದಳು, ಸುತ್ತ ಎಂಟು ಖಾಲಿ. ಅಲ್ಲಿ ನಮ್ಮಲ್ಲಿ ಆಡಿ ಹೋದವರು ಮಾತ್ರ ಇರಬೇಕಂತೆ, ಒಬ್ಬೊಬ್ಬರಿಗೆ ಒಂದೇ ಕಾರ್ಡ್. ಹಳೇ ಟಾಪ್ಸ್ ಅವರೇ, ಬೇಲಿ ಹಾಕಿದ್ದಾಳೆ ನೋಡಿ.

ಈ ವಾರ ಡಬ್ಬ ತರಲಿಲ್ಲ. ಆ ದುಡ್ಡಿಗೆ 1990-91ರ ಹಾರ್ಡವೇ ಹೂಪ್ಸ್, 1989-90ರ ರಿಚ್ಮಂಡ್, 2012-13ರ ಹೂಪ್ಸ್‌ನ ಡ್ರೇಮಂಡ್ ಮೂರೂ ಬಂದವು, ಚಿಲ್ಲರೆ ಉಳಿಯಿತು. ಬೈಂಡರ್ ದುಂಡು ಉಂಗುರದ್ದೇ ಇತ್ತು, ಬದಲಾಯಿಸುತ್ತಿದ್ದೇನೆ.

ಕಾಲಿಸಿಯಂ ಸರ್, ಕೊನೆಯ ಹಾಳೆಗೆ ರಿಚ್ಮಂಡ್‌ನ ಸ್ಯಾಕ್ರಮೆಂಟೊ ಕಾರ್ಡ್ ಒಂದು ಬೇಕಂತೆ. ನಿಮ್ಮ ಹತ್ತಿರ ಎರಡೆರಡು ಇದ್ದರೆ ಹೇಳಿ, ಬದಲಿಗೆ ಕೊಡಲು ಅವಳ ಹತ್ತಿರ ಯೂಟಾದವರು ತುಂಬಾ ಜನ ಇದ್ದಾರೆ. ಮುಂದಿನ ಕಾರ್ಡ್ ಶೋಗೆ ಬರುತ್ತೀರಾ?

ಕಾಲಿಸಿಯಂ 1990

ಬರುತ್ತೇನೆ. 1992-93ರದ್ದು ಎರಡು ಇವೆ, ಚೆನ್ನಾಗಿರುವುದನ್ನು ಸ್ಲೀವ್‌ಗೆ ಹಾಕಿ ಎತ್ತಿಟ್ಟಿದ್ದೇನೆ. ಯೂಟಾದವರಲ್ಲಿ ಯಾರನ್ನು ಕೊಡಬೇಕು ಅಂತ ಅವಳೇ ಆರಿಸಲಿ.