ಒಡಿಶಾದಲ್ಲಿ ಹಿಮ

ಗುಂಪು: ಅಜ್ಜಿಮನೆ ಬಳಗ

ದೊಡ್ಡಮಾವ: (ಫಾರ್ವರ್ಡ್ ಆದ ವಿಡಿಯೋ) 🚀🚀 ನಮ್ಮ ಅಗ್ನಿ-5 ಕ್ಷಿಪಣಿ!! 12,000 ಕಿ.ಮೀ. ಹೋಗುತ್ತದೆ. ಅಗ್ನಿ ಒಂದು ಸಲವೂ ಸೋತಿಲ್ಲ. ಜಗತ್ತೇ ನಡುಗಿದೆ. ಟಿವಿಯವರು ಇದನ್ನು ತೋರಿಸುವುದಿಲ್ಲ. ನಿಜವಾದ ಭಾರತೀಯರಾಗಿದ್ದರೆ ಹತ್ತು ಜನಕ್ಕೆ ಕಳಿಸಿ.

ಚಿಕ್ಕಮ್ಮ: 🙏🙏

ಕಿಟ್ಟಿ: ಜೈ ಹಿಂದ್ ಮಾವ

ನಾನು: ಮಾವ, ಬೇಜಾರು ಮಾಡ್ಕೋಬೇಡಿ, ಇದು ನಮ್ಮ ವಿಡಿಯೋ ಅಲ್ಲ. ಹನ್ನೆರಡನೇ ಸೆಕೆಂಡಿಗೆ ನಿಲ್ಲಿಸಿ ನೋಡಿ. ಬಲಗಡೆ ತಂತಿ ಬೇಲಿ ಇದೆಯಲ್ಲ, ಅದರ ಕಂಬಗಳ ತಲೆ ಮೇಲೆ ಹಿಮ ಕೂತಿದೆ. ಅಗ್ನಿ-5 ಹಾರಿಸುವುದು ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ, ಹಿಂದೆ ವೀಲರ್ ದ್ವೀಪ ಅಂತಿದ್ದರಲ್ಲ, ಅದೇ. ಅಲ್ಲಿ ಹಿಮ ಯಾವಾಗ ಬಿತ್ತು?

ದೊಡ್ಡಮಾವ: ಅದು ಹೊಗೆ.

ನಾನು: ಹೊಗೆ ಕಂಬದ ಮೇಲೆ ಕೂರುತ್ತದಾ ಮಾವ?

ಕಿಟ್ಟಿ: 😂😂 ನಾನು ನೋಡದೇ ಜೈ ಹಿಂದ್ ಹಾಕಿಬಿಟ್ಟೆ

ದೊಡ್ಡಮಾವ: ವಿಡಿಯೋ ಯಾವುದಾದರೆ ಏನು, ವಿಷಯ ನಿಜ ತಾನೇ? ನಿಮಗೆಲ್ಲ ಕೊಂಕು ತೆಗೆಯುವುದೇ ಕೆಲಸ. 1989 ಮೇ 22, ಮೊದಲ ಅಗ್ನಿ ಹಾರಿದ ದಿನ. ರೇಡಿಯೋದಲ್ಲಿ ಕೇಳಿದ್ದು ನಾನು. ಮಾರನೇ ದಿನ ಬ್ಯಾಂಕಿನಲ್ಲಿ ಕೌಂಟರ್ ಮುಂದೆ ನಿಂತವರಿಗೆಲ್ಲ ಮೈಸೂರು ಪಾಕ್ ಕೊಟ್ಟಿದ್ದೆವು. ನೀನು ಹುಟ್ಟಿರಲೇ ಇಲ್ಲ.

ನಾನು: ಅದನ್ನೇ ಬರೆಯಬೇಕಿತ್ತು ನೀವು! ಈ ಫಾರ್ವರ್ಡಿಗಿಂತ ಆ ಮೈಸೂರು ಪಾಕ್ ಎಷ್ಟೋ ಮೇಲು. ಆದರೆ ಅದಕ್ಕೆ ಮುಂಚೆ ಎರಡು ಸಲ ಅಗ್ನಿ ಕೊನೇ ಗಳಿಗೆಯಲ್ಲಿ ನಿಂತುಹೋಗಿತ್ತು, ನೆನಪಿದೆಯಾ?

ದೊಡ್ಡಮಾವ: ನೆನಪಿಲ್ಲದೆ ಏನು. ಪೇಪರಿನವರು ಕಾರ್ಟೂನ್ ಹಾಕಿ ಗೇಲಿ ಮಾಡಿದ್ದರು. ಪಾಪ, ಕಲಾಂ ಅವರಿಗೆ ಹೇಗಾಗಿರಬೇಕು.

ನಾನು: ಮತ್ತೆ ‘ಒಂದು ಸಲವೂ ಸೋತಿಲ್ಲ’ ಅಂತ ಯಾರೋ ಬರೆದಿದ್ದನ್ನು ನೀವೇ ಕಳಿಸ್ತೀರಲ್ಲ. 2006 ಜುಲೈ 9ಕ್ಕೆ ಅಗ್ನಿ-3 ಮೊದಲ ಪರೀಕ್ಷೆಯಲ್ಲೇ ಸಮುದ್ರಕ್ಕೆ ಬಿತ್ತು. ಏನು ಕೆಟ್ಟಿತು ಅಂತ ಹುಡುಕಿ, ಸರಿ ಮಾಡಿ, 2007 ಏಪ್ರಿಲ್ 12ಕ್ಕೆ ಮತ್ತೆ ಹಾರಿಸಿದರು. ಹೋಯಿತು. ಹತ್ತು ತಿಂಗಳೂ ಆಗಿರಲಿಲ್ಲ. ಆ ಹತ್ತು ತಿಂಗಳು ಹಗಲೂ ರಾತ್ರಿ ದುಡಿದವರನ್ನು ಈ ಫಾರ್ವರ್ಡ್ ಒಂದೇ ಸಾಲಿನಲ್ಲಿ ಅಳಿಸಿಹಾಕಿದೆ. ನನಗೆ ಸಿಟ್ಟು ಬರುವುದು ಅದಕ್ಕೆ, ಹಿಮಕ್ಕಲ್ಲ.

ಕಿಟ್ಟಿ: 12,000 ಕಿ.ಮೀ.?

ನಾನು: ಸರ್ಕಾರ ಹೇಳುವುದು 5,000.

ದೊಡ್ಡಮಾವ: ಚೀನಾದವರೇ 8,000 ಅಂದಿದ್ದಾರೆ.

ನಾನು: ಅಂದಿದ್ದಾರೆ, 2012ರಲ್ಲಿ ಮೊದಲ ಪರೀಕ್ಷೆ ಆದಾಗ. ಹೊರುವ ಭಾರ ಕಡಿಮೆ ಮಾಡಿದರೆ ದೂರ ಜಾಸ್ತಿ ಆಗುತ್ತದೆ, ಅದೂ ಸರಿ. ಆದರೆ 12,000?

ದೊಡ್ಡಮಾವ: ಸರಿ ತಾಯಿ. 2024 ಮಾರ್ಚ್ 11, ಅಗ್ನಿ-5ರ ‘ದಿವ್ಯಾಸ್ತ್ರ’ ಪರೀಕ್ಷೆ. ಒಂದೇ ಕ್ಷಿಪಣಿ, ಹಲವು ಸಿಡಿತಲೆ, ಒಂದೊಂದಕ್ಕೆ ಒಂದೊಂದು ಗುರಿ. ಅದೂ ಸುಳ್ಳಾ?

ನಾನು: ಅಪ್ಪಟ ನಿಜ. ಅದರ ವಿಡಿಯೋ ಹಾಕಿದ್ದರೆ ನಾನೂ ಜೈ ಹಿಂದ್ ಅಂತಿದ್ದೆ.

ಚಿಕ್ಕಮ್ಮ: ಇದು ಮತ್ತೆ ಬ್ರಹ್ಮೋಸು ಒಂದೇನಾ? ಕೇಳಲು ನಾಚಿಕೆ, ಆದರೂ ಕೇಳ್ತೀನಿ

ನಾನು: ಬೇರೆ ಚಿಕ್ಕಮ್ಮ. ಮಾವಿನಕಾಯಿಗೆ ಕಲ್ಲು ಬೀಸ್ತಿದ್ದೆವಲ್ಲ, ಅಗ್ನಿ ಆ ಥರ. ಇಂಧನ ಉರಿಯುವುದು ಮೊದಲ ಕೆಲವೇ ನಿಮಿಷ. ಆಮೇಲೆ ಅದು ಕೈ ಬಿಟ್ಟ ಕಲ್ಲು, ವಾತಾವರಣದ ಆಚೆ ಹೋಗಿ ತನ್ನ ಪಾಡಿಗೆ ಬಾಗಿ ಬೀಳುತ್ತದೆ. ಕೈ ಬಿಡುವಾಗ ಕೂದಲೆಳೆಯಷ್ಟು ತಪ್ಪಿದರೂ ಅಲ್ಲಿ ಕಿಲೋಮೀಟರ್ಗಟ್ಟಲೆ ಆಚೀಚೆ. ಬ್ರಹ್ಮೋಸ್ ಹಾಗಲ್ಲ, ವಿಮಾನದ ಹಾಗೆ ಕೊನೇ ತನಕ ಎಂಜಿನ್ ಓಡುತ್ತಾ ಹೋಗುತ್ತದೆ.

ಭಾವ: ಎಲ್ಲ ಸರಿ. ನಮ್ಮೂರ ಆಸ್ಪತ್ರೆಗೆ ಡಾಕ್ಟರ್ ಬಂದು ಎಷ್ಟು ದಿನ ಆಯಿತು?

ದೊಡ್ಡಮಾವ: ಬಂತು ನೋಡಿ! 1962 ಮರೆತುಹೋಯಿತಾ?

ಭಾವ: ಮರೆತಿಲ್ಲ ಮಾವ. ಕ್ಷಿಪಣಿ ಬೇಡ ಅಂತಲೂ ನಾನು ಹೇಳಿಲ್ಲ. ಆದರೆ ಬಾಲಿಯಾಪಾಲ್ ಹೆಸರು ಯಾರಾದರೂ ಕೇಳಿದ್ದೀರಾ? ಅದೂ ಒಡಿಶಾದಲ್ಲೇ. 80ರ ದಶಕದಲ್ಲಿ ಕ್ಷಿಪಣಿ ಪರೀಕ್ಷೆಗೆ ಅಂತ ಅಲ್ಲಿನ ಹಳ್ಳಿಗಳನ್ನು ಎಬ್ಬಿಸಲು ಹೊರಟರು. ವೀಳ್ಯದೆಲೆ ಬೆಳೆಯುವ ಫಲವತ್ತಾದ ನೆಲ. ಜನ ರಸ್ತೆಗೆ ಅಡ್ಡ ಕಟ್ಟಿದರು. ಅಧಿಕಾರಿಗಳು ಬಂದರೆ ಶಂಖ ಊದುವುದು, ತಟ್ಟೆ ಬಡಿಯುವುದು, ಊರಿಗೆ ಊರೇ ಓಡಿಬರುವುದು. ಕೊನೆಗೆ ಆ ಯೋಜನೆ ಅಲ್ಲಿಗೆ ಬರಲೇ ಇಲ್ಲ. ನಮ್ಮ ಅಡಿಕೆ ತೋಟಕ್ಕೆ ಬಂದಿದ್ದರೆ ಮೊದಲು ಶಂಖ ಊದುವವರು ನೀವೇ.

(ಇಲ್ಲಿ ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಮಾವ ಮೂರು ಸಲ ಟೈಪ್ ಮಾಡಿ ನಿಲ್ಲಿಸಿದ್ದು ಮಾತ್ರ ಕಾಣುತ್ತಿತ್ತು.)

ದೊಡ್ಡಮಾವ: ತೋಟದ ವಿಷಯ ಬೇರೆ.

ಕಿಟ್ಟಿ: 🤐

ನಾನು: ಇನ್ನೊಂದು ಹೇಳ್ತೀನಿ, ಇದು ಇಬ್ಬರಿಗೂ ಹಿಡಿಸಬಹುದು. ಅಗ್ನಿಯ ಮೂತಿ ವಾತಾವರಣಕ್ಕೆ ವಾಪಸ್ ಬರುವಾಗ ಸಾವಿರಾರು ಡಿಗ್ರಿ ಕಾಯುತ್ತದೆ. ಅದಕ್ಕೆ ಕಾರ್ಬನ್‌ನಿಂದ ಹಗುರವಾದ, ಗಟ್ಟಿ ವಸ್ತು ಮಾಡಿದರು. ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯ ಮೂಳೆ ಡಾಕ್ಟರೊಬ್ಬರು ಕಲಾಂ ಲ್ಯಾಬಿಗೆ ಬಂದಾಗ ಅದನ್ನು ಎತ್ತಿ ನೋಡಿ, ಕಲಾಂ ಅವರನ್ನು ಸೀದಾ ತಮ್ಮ ವಾರ್ಡಿಗೆ ಕರೆದುಕೊಂಡು ಹೋದರಂತೆ. ಅಲ್ಲಿ ಮಕ್ಕಳು ಮೂರು ಕೆಜಿಗೂ ಜಾಸ್ತಿ ತೂಕದ ಲೋಹದ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಎಳೆದುಕೊಂಡು ನಡೆಯುತ್ತಿದ್ದವು. ಆಮೇಲೆ ಇವರು ಮಾಡಿಕೊಟ್ಟಿದ್ದು 300 ಗ್ರಾಂದು. ಕಲಾಂ ಅವರೇ ಎಷ್ಟೋ ಕಡೆ ಹೇಳಿದ್ದಾರೆ.

ಚಿಕ್ಕಮ್ಮ: ನಮ್ಮ ಸಣ್ಣಿಗೂ ಅಂಥದ್ದೇ ಕಬ್ಬಿಣದ್ದು ಇತ್ತು. ಜಗಲಿ ಮೇಲೆ ನಡೆದರೆ ಟಕ್ ಟಕ್ ಅಂತ ಅಡುಗೆಮನೆಗೆ ಕೇಳ್ತಿತ್ತು. ಮಳೆಗಾಲದಲ್ಲಿ ಚರ್ಮದ ಪಟ್ಟಿಗೆ ಬೂಸ್ಟು ಬಂದು, ಅಮ್ಮ ಒಲೆ ಹತ್ತಿರ ಒಣಗಿಸ್ತಿದ್ದಳು

ಭಾವ: ನೆನಪಿದೆ. ರಾತ್ರಿ ಬಿಚ್ಚಿದರೆ ಕಾಲಿನ ಮೇಲೆ ಪಟ್ಟಿಯ ಅಚ್ಚು.

ದೊಡ್ಡಮಾವ: ಅವಳ ಕಾಲಕ್ಕೆ ಇದು ಬಂದಿರಲಿಲ್ಲ.

ಚಿಕ್ಕಮ್ಮ: ಹ್ಞೂಂ

ನಾನು: ಮಾವ, ಆ ವಿಡಿಯೋ ಡಿಲೀಟ್ ಮಾಡ್ತೀರಾ? ದಿವ್ಯಾಸ್ತ್ರದ್ದು ಹುಡುಕಿ ಕಳಿಸ್ತೀನಿ.

ದೊಡ್ಡಮಾವ: ಇಲ್ಲಿ ಮಾಡ್ತೀನಿ. ಆದರೆ ಬೆಳಿಗ್ಗೆಯೇ ವಾಕಿಂಗ್ ಗುಂಪಿಗೂ ಹಾಕಿಬಿಟ್ಟಿದ್ದೇನೆ. ಅಲ್ಲಿ ಎಲ್ಲರೂ ಕೈ ಮುಗಿದಿದ್ದಾರೆ.

ಕಿಟ್ಟಿ: ಹಿಮದ ಬಗ್ಗೆ ಯಾರೂ ಕೇಳಲಿಲ್ವಾ?

ದೊಡ್ಡಮಾವ: ಒಬ್ಬರು ಕೇಳಿದರು. ಹೊಗೆ ಅಂತ ಹೇಳಿದ್ದೇನೆ.