ದೊಡ್ಡಮ್ಮ, ಭಾನುವಾರ ನಾನೂ ಬರುತ್ತೇನೆ

ದೊಡ್ಡಮ್ಮ, ಟೈಪ್ ಮಾಡಿದರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡುತ್ತಿದ್ದೇನೆ. ಹಿಂದೆ ಕುಕ್ಕರ್ ಕೂಗುತ್ತಿದೆ, ಅನುಸರಿಸಿಕೊಳ್ಳಿ. ಭಾನುವಾರದ ಕ್ಯಾನ್ಸರ್ ತಪಾಸಣೆ ಶಿಬಿರದ ವಿಷಯ ಅತ್ತಿಗೆ ಗ್ರೂಪಿಗೆ ಹಾಕಿದರೆ, ನೀವು ‘ಚೆನ್ನಾಗಿರೋರು ಯಾಕೆ ಹೋಗಬೇಕು, ಮುಟ್ಟು ನಿಂತು ಎಂಟು ವರ್ಷ ಆಯ್ತು’ ಅಂದಿರಿ. ಬೆಳಗ್ಗೆಯಿಂದ ಅದೇ ತಲೆಯಲ್ಲಿದೆ.

ನಿಮಗ್ಯಾರಿಗೂ ಒಂದು ವಿಷಯ ಹೇಳಿಲ್ಲ. ಹೋದ ವರ್ಷ ಬೆನ್ನುನೋವು ಅಂತ ಆಸ್ಪತ್ರೆಗೆ ಓಡಾಡಿದೆನಲ್ಲ, ಅದು ಬೆನ್ನುನೋವಲ್ಲ. ಗರ್ಭಕೋಶದ ಬಾಯಿಯ ಪ್ಯಾಪ್ ಸ್ಮಿಯರ್ ಮಾಡಿಸಿದ್ದೆ, ಅಲ್ಲಿನ ಜೀವಕೋಶ ತೆಗೆದು ನೋಡುವ ಪರೀಕ್ಷೆ. ಡಾಕ್ಟರ್ ಹೇಳಿ ನಾಲ್ಕು ವರ್ಷ ಆಗಿತ್ತು. ಒಮ್ಮೆ ಮಗಳ ಎಸ್ಸೆಸ್ಸೆಲ್ಸಿ, ಒಮ್ಮೆ ಅತ್ತೆಯವರ ಕಣ್ಣಿನ ಆಪರೇಷನ್, ಹೀಗೇ ಮುಂದೆ ಹಾಕಿದ್ದೆ. ನೋವಿಲ್ಲ, ಬಿಳಿ ಹೋಗುವುದಿಲ್ಲ, ಏನೂ ಇಲ್ಲ. ನಿಮ್ಮ ಹಾಗೇ ಚೆನ್ನಾಗಿದ್ದೆ.

ಪರದೆ ಎಳೆದು, ಕಾಲು ಮಡಿಸಿ ಮಲಗಿಸಿದರು. ಸಣ್ಣ ಬ್ರಷ್‌ನಲ್ಲಿ ಒರೆಸಿ ಗಾಜಿನ ಪಟ್ಟಿಗೆ ಹಚ್ಚಿದರು. ಐದು ನಿಮಿಷವೂ ಹಿಡಿಯಲಿಲ್ಲ. ನರ್ಸಮ್ಮ ನನ್ನ ಮಂಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು, ‘ಉಸಿರು ಬಿಡಮ್ಮ, ಬಿಗಿ ಹಿಡೀಬೇಡ’ ಅಂತ. ಆ ಕೈ ಇನ್ನೂ ನೆನಪಿದೆ.

ವರದಿಯಲ್ಲಿ ಜೀವಕೋಶ ಬದಲಾಗುತ್ತಿದೆ ಅಂತ ಬಂತು. ಕ್ಯಾನ್ಸರ್ ಅಲ್ಲ, ಅದರ ಹಿಂದಿನ ಮೆಟ್ಟಿಲು. ಇನ್ನೊಂದು ಪರೀಕ್ಷೆ ಮಾಡಿ, ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸಿ ಆ ಭಾಗ ತೆಗೆದರು. ಅವತ್ತು ಸಂಜೆ ಮನೆಗೆ ಬಂದು ನಾನೇ ಸಾರಿಗೆ ಒಗ್ಗರಣೆ ಹಾಕಿದೆ, ದೊಡ್ಡಮ್ಮ. ಈಗಲೂ ಡಾಕ್ಟರ್ ಕರೆದಾಗ ಹೋಗಿ ತೋರಿಸಿಕೊಂಡು ಬರುತ್ತೇನೆ.

ಯಾಕೆ ಮುಚ್ಚಿಟ್ಟೆ ಅಂದರೆ, ಇದು ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುವುದು, ಗಂಡ ಹೆಂಡತಿ ಸಂಬಂಧದಲ್ಲಿ ಹರಡುತ್ತದೆ. ಜನ ಏನೆಂದುಕೊಳ್ಳುತ್ತಾರೋ ಅಂತ ಭಯ. ಆದರೆ ಇದು ನಡತೆಯ ಮಾತೇ ಅಲ್ಲ. ಬಹಳಷ್ಟು ಜನರಿಗೆ ಬಂದು, ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಕ್ಯಾನ್ಸರ್ ಆಗಲು 15–20 ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ವರ್ಷ ಒಳಗಿದ್ದರೂ ಏನೂ ತೋರಿಸಿಕೊಳ್ಳುವುದಿಲ್ಲ. ಅದಕ್ಕೇ ಚೆನ್ನಾಗಿರುವವರೇ ಹೋಗಬೇಕು. ಗ್ರೂಪಲ್ಲಿ ಗಂಡಸರೂ ಇದ್ದಾರೆ, ಇರಲಿ, ಅವರೂ ಕೇಳಲಿ.

ಮುಂಬೈಯ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರ ಮೇಲೆ ಅಧ್ಯಯನ ಮಾಡಿದ್ದರು. ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರವ ಹಚ್ಚಿ ನೋಡಿಸಿದರು, ಎರಡು ವರ್ಷಕ್ಕೊಮ್ಮೆ. ಹಾಗೆ ನೋಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವವರು ಶೇಕಡ 31ರಷ್ಟು ಕಡಿಮೆಯಾದರು. 2013ರಲ್ಲಿ ಹೊರಬಂದ ಫಲಿತಾಂಶ ಇದು.

ಸರ್ಕಾರದ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೋಶದ ಬಾಯಿ ಮೂರನ್ನೂ ನೋಡುತ್ತಾರೆ, 30ರಿಂದ 65 ವಯಸ್ಸಿನವರಿಗೆ. ನಿಮಗೆ 58, ಮುಟ್ಟು ನಿಂತ ಮಾತ್ರಕ್ಕೆ ಬಿಡುವ ಹಾಗಿಲ್ಲ. ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಶಿಬಿರಕ್ಕೆ ಕಾಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಎದೆಯಲ್ಲಿ ಗಂಟು ಸಿಕ್ಕಿದರೂ ಅಷ್ಟೇ, ನೋವಿಲ್ಲ ಅಂತ ಸುಮ್ಮನಿರಬೇಡಿ. ಅತ್ತಿಗೆ, ಪುಟ್ಟಿಗೆ 11 ಅಲ್ವಾ, ಎಚ್‌ಪಿವಿ ಲಸಿಕೆಗೆ ಸರಿಯಾದ ವಯಸ್ಸು, ಕೇಳಿ ಹಾಕಿಸಿ.

ಭಾನುವಾರ ಎಂಟೂವರೆಗೆ ಆಟೋದಲ್ಲಿ ಬನಶಂಕರಿಗೆ ಬರುತ್ತೇನೆ, ದೊಡ್ಡಮ್ಮ. ತಿಂಡಿ ತಿಂದೇ ಹೊರಡಿ, ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಸೀರೆಯೇ ಉಟ್ಟುಕೊಳ್ಳಿ, ಸುಲಭ. ಒಳಗೆ ಬಿಟ್ಟರೆ ನಿಮ್ಮ ಪಕ್ಕದಲ್ಲೇ ನಿಂತಿರುತ್ತೇನೆ.