ರಿಸರ್ವ್ ಸೈನಿಕರು ಯುದ್ಧದಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದಿದ್ದಾರಾ?

ಪ್ರಶ್ನೆ: ಸಾರ್, ನೀವು ಸೇನಾ ಇತಿಹಾಸ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ವರ್ಷಕ್ಕೆ ಕೆಲವು ದಿನ ತರಬೇತಿ ಪಡೆದು, ಮಿಕ್ಕ ದಿನ ತಮ್ಮ ಕೆಲಸ ನೋಡಿಕೊಳ್ಳುವವರು ಯುದ್ಧಕ್ಕೆ ಆಗುತ್ತಾರಾ? ಇಲ್ಲ ಸುಮ್ನೆ ತಲೆ ಎಣಿಕೆಗಾ? ಈ ಪದ್ಧತಿ ಶುರುವಾಗಿದ್ದೆಲ್ಲಿ?

ಉತ್ತರ: ಖಂಡಿತ ಆಗಿದ್ದಾರೆ. ಆದರೆ ಅವರ ಧೈರ್ಯಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಡಿಪೋ (ಸೈನಿಕರ ಬಟ್ಟೆ, ಬಂದೂಕು ಇಡುವ ಉಗ್ರಾಣ) ಮತ್ತು ರೈಲು.

ಊರಿನವರನ್ನು ಯುದ್ಧಕ್ಕೆ ಕರೆಯುವುದು ತುಂಬಾ ಹಳೆಯದು. ಇವತ್ತಿನ ರೂಪಕ್ಕೆ ಬುನಾದಿ ಹಾಕಿದ್ದು ಪ್ರಷ್ಯಾ ಎಂಬ ಜರ್ಮನ್ ರಾಜ್ಯ. 1806ರಲ್ಲಿ ನೆಪೋಲಿಯನ್ ಕೈಲಿ ಸೋತಿತು. 1808ರ ಒಪ್ಪಂದದಲ್ಲಿ ಸೇನೆಗೆ 42,000 ಜನರ ಮಿತಿ ಬಿತ್ತು. ಆಗ ಶಾರ್ನ್‌ಹೋರ್ಸ್ಟ್ ಎಂಬ ಪ್ರಷ್ಯಾದ ಸೇನಾಧಿಕಾರಿ ಕಂಡುಕೊಂಡ ದಾರಿ: ಒಂದಷ್ಟು ಜನರಿಗೆ ತರಬೇತಿ ಕೊಟ್ಟು ಮನೆಗೆ ಕಳಿಸುವುದು, ಆ ಜಾಗಕ್ಕೆ ಹೊಸಬರನ್ನು ಕರೆಸುವುದು. (ಹೀಗೆ ತಯಾರಾದವರ ಸಂಖ್ಯೆಯನ್ನು ಆಮೇಲಿನವರು ಉಬ್ಬಿಸಿಯೇ ಹೇಳಿದ್ದಾರೆ.) 1814ರ ಕಾನೂನಿನಲ್ಲಿ ಮೂರು ವರ್ಷ ಸೇವೆ, ಎರಡು ವರ್ಷ ರಿಸರ್ವ್, ಆಮೇಲೆ ಲಾಂಡ್‌ವೇರ್ ಎಂಬ ನಾಗರಿಕ ಪಡೆ.

ಇದರ ಪರೀಕ್ಷೆ ನಡೆದದ್ದು 1870ರಲ್ಲಿ, ಫ್ರಾನ್ಸ್ ಜೊತೆಗಿನ ಯುದ್ಧದಲ್ಲಿ. ಪ್ರಷ್ಯಾದ ರಿಸರ್ವ್ ಸೈನಿಕ ತನ್ನ ಪ್ರಾಂತ್ಯದ ರೆಜಿಮೆಂಟಿಗೇ ಹೋಗುತ್ತಿದ್ದ. ಬಟ್ಟೆ, ಬಂದೂಕು ಅಲ್ಲೇ. ಫ್ರಾನ್ಸಿನಲ್ಲಿ ರೆಜಿಮೆಂಟ್ ಒಂದು ಕಡೆ, ಡಿಪೋ ಇನ್ನೊಂದು ಕಡೆ. ಎರಡನೇ ಜುವಾವ್ (ಫ್ರೆಂಚ್ ಕಾಲಾಳು) ರೆಜಿಮೆಂಟಿನ ಕತೆ ಕೇಳಿ: ಅದು ಯುದ್ಧಕ್ಕೆ ನಿಂತದ್ದು ಜರ್ಮನ್ ಗಡಿಯ ಅಲ್ಸಾಸ್‌ನಲ್ಲಿ, ಡಿಪೋ ಇದ್ದದ್ದು ಅಲ್ಜೀರಿಯಾದ ಓರಾನ್‌ನಲ್ಲಿ. ಅಲ್ಸಾಸ್‌ನಲ್ಲೇ ಮನೆ ಇದ್ದವನೂ ಸಮುದ್ರ ದಾಟಿ ಹೋಗಿ, ಸಾಮಾನು ತಗೊಂಡು, ಮತ್ತೆ ಅಲ್ಸಾಸ್‌ಗೇ ಬರಬೇಕಿತ್ತು! ಅಷ್ಟರಲ್ಲಿ ಜರ್ಮನ್ ಸೇನೆ ಸುಮಾರು 18 ದಿನದಲ್ಲಿ ರೈಲು ಹತ್ತಿ ಗಡಿಗೆ ಬಂದಾಗಿತ್ತು.

ಪ್ರಶ್ನೆ: ಬ್ರಿಟನ್‌ನಲ್ಲಿ ಕಡ್ಡಾಯ ಸೇವೆ ಇರಲಿಲ್ಲ ಅಲ್ವಾ ಸಾರ್? ಅಲ್ಲಿ ಹೇಗೆ?

ಉತ್ತರ: ಅಲ್ಲಿ ಎಲ್ಲಾ ಸ್ವಯಂಸೇವಕರು. ಯುದ್ಧಮಂತ್ರಿ ಹಾಲ್ಡೇನ್ 1908ರಲ್ಲಿ ಟೆರಿಟೋರಿಯಲ್ ಫೋರ್ಸ್ ಕಟ್ಟಿದರು. ಕೆಲಸ ಮುಗಿಸಿ ಸಂಜೆ ಕವಾಯತು, ವರ್ಷಕ್ಕೊಂದು ಕ್ಯಾಂಪ್. ಷರತ್ತು ದೇಶದೊಳಗಿನ ರಕ್ಷಣೆಗೆ ಮಾತ್ರ. ಹೊರದೇಶಕ್ಕೆ ಹೋಗಲು ಅವರೇ ಒಪ್ಪಬೇಕಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಯುದ್ಧಮಂತ್ರಿಯಾದ ಕಿಚನರ್‌ಗೆ ಇವರ ಮೇಲೆ ನಂಬಿಕೆ ಇರಲಿಲ್ಲ, ಬೇರೆಯೇ ಹೊಸ ಸೇನೆ ಕಟ್ಟಲು ಹೊರಟರು. ನನ್ನ ಪ್ರಕಾರ ಅದು ತಪ್ಪು ಲೆಕ್ಕ. ಏಕೆಂದರೆ ಅಷ್ಟರಲ್ಲಿ ಬಹಳಷ್ಟು ಜನ ಹೋಗಲು ಒಪ್ಪಿಬಿಟ್ಟಿದ್ದರು. ಅಕ್ಟೋಬರ್ 31ರಂದು ಲಂಡನ್ ಸ್ಕಾಟಿಷ್ ಪಡೆ ಬೆಲ್ಜಿಯಂನ ಮೆಸೀನ್‌ ಹತ್ತಿರ ಕಾದಾಡಿತು. ಟೆರಿಟೋರಿಯಲ್ ಕಾಲಾಳುಗಳಲ್ಲಿ ಇವರೇ ಮೊದಲಿಗರು. ಹೊಸ ಗುಂಡು ಅವರ ರೈಫಲ್‌ನ ಮ್ಯಾಗಜೀನ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ರಾತ್ರಿಯಿಡೀ ಒಂದೊಂದೇ ಗುಂಡು ಕೈಯಿಂದ ತುಂಬಿ ಹೊಡೆದರು.

ಇನ್ನೊಬ್ಬರು: ಒಮ್ಮೆ ಯುದ್ಧ ಮಾಡಿ ಬಂದವರನ್ನೇ ಮತ್ತೆ ಕರೆದದ್ದೂ ಇದೆಯಾ?

ಉತ್ತರ: ಇದೆ, ಅದರಿಂದ ದೊಡ್ಡ ಗಲಾಟೆಯೂ ಆಗಿದೆ. 1950ರಲ್ಲಿ ಕೊರಿಯಾ ಯುದ್ಧಕ್ಕೆ ಅಮೆರಿಕಕ್ಕೆ ತುರ್ತಾಗಿ ಜನ ಬೇಕಾಯಿತು. ಸಂಬಳ ಪಡೆದು ಕವಾಯತು ಮಾಡುತ್ತಿದ್ದ ಘಟಕಗಳಲ್ಲಿ ಹಲವನ್ನು ಮುಂದೆ ಬೇಕಾದೀತು ಅಂತ ಉಳಿಸಿಕೊಂಡರು. ಬರೀ ಪಟ್ಟಿಯಲ್ಲಿ ಹೆಸರಿದ್ದ, ಎರಡನೇ ಮಹಾಯುದ್ಧ ಮುಗಿಸಿ ಸಂಸಾರ ಹೂಡಿದ್ದವರನ್ನು ಒಬ್ಬೊಬ್ಬರಾಗಿ ಎಳೆದು ಕಳಿಸಿದರು. ಅವರ ಸಿಟ್ಟಿಗೆ ಅರ್ಥ ಇತ್ತು. 1952ರಲ್ಲಿ ಹೊಸ ಕಾನೂನು ತಂದು, ರಿಸರ್ವ್ ಸೈನಿಕರನ್ನು ರೆಡಿ, ಸ್ಟ್ಯಾಂಡ್‌ಬೈ, ನಿವೃತ್ತ ಎಂದು ಮೂರು ಭಾಗ ಮಾಡಿದರು.